ಹೆಸರು ಹಿಂದು ಮುಂದಾದ ಮಳೆಗಾಲ

ಮೊನ್ನೆ ಗೆಳತಿ ನಸೀಮಾಳ ಅಮ್ಮಿಗೆ ಕಣ್ಣಿನ ಆಪರೇಷನ್ ಆಗಿದೆ ಅಂತ ಗೊತ್ತಾಗಿ ನೋಡಿಕೊಂಡು ಬರಲು ರಾಮನಗರಕ್ಕೆ ಹೋಗಿದ್ದೆ. ಬಸ್ಸಿಳಿದು ಅವರ ಓಣಿಗೆ ತಿರುಗಿದ್ದೇ ತಡ, ಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ತೆಗೆಯುವಾಗ ಒಳಗಿನ ಹುಳು ಬೇಯುತ್ತದಲ್ಲ, ಆ ವಾಸನೆ. ಹೊಸಬರಾದರೆ ಕರ್ಚೀಫು ಹುಡುಕುತ್ತಾರೆ. ನನಗೆ ಮಾತ್ರ ಈ ವಾಸನೆ ಬಂದರೆ ಪೂರ್ಣವಿರಾಮ, ಅಲ್ಪವಿರಾಮ ನೆನಪಾಗುತ್ತವೆ. ನಗಬೇಡಿ. ಒಂದಿಡೀ ಮಳೆಗಾಲ ಈ ವಾಸನೆಯಲ್ಲೇ ಕೂತು ಊರವರ ಹೆಸರನ್ನೆಲ್ಲ ಹಿಂದು ಮುಂದು ಮಾಡಿದವಳು ನಾನು. ಕಡೆಗೆ ನನ್ನ ಹೆಸರೇ ನನಗೆ ತಿರುಗಿಕೊಂಡಿತು.

ಆಗ ನಾನು ರಾಮನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಎಂಥಾ ಅತಿಥಿ! ಕೆಲಸ ಹೇಳುವಾಗ ಮನೆಯವಳು, ಮಿಕ್ಕಿದ್ದಕ್ಕೆಲ್ಲ ಅತಿಥಿ. ಮುಂದಿನ ವರ್ಷ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಅದಕ್ಕೇ ಹಟ ಹಿಡಿದು ಪಿಎಚ್‌.ಡಿ.ಗೆ ಸೇರಿದ್ದೆ. ನನ್ನ ವಿಷಯ ಊಜಿ ನೊಣ. ಈ ಶನಿ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದ ತಿಂದು, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚುವುದಿಲ್ಲ. ಹುಳು ಸಾಕಿದವರಿಗೂ ನಷ್ಟ, ನೂಲು ತೆಗೆಯುವವರಿಗೂ ತಲೆನೋವು. ಕನಕಪುರದ ಕಡೆ ದೊಡ್ಡಆಲಹಳ್ಳಿ, ಈ ಕಡೆ ಕುದೂರಿನ ಸುತ್ತಮುತ್ತ ಹುಳು ಮನೆಗಳಿಗೆ ಅಲೆದು, ಬಾಗಿಲಿಗೆ ಕಿಟಕಿಗೆ ಪರದೆ ಕಟ್ಟಿ, ನೊಣ ಹಿಡಿದು ಎಣಿಸಿ, ವರ್ಷಗಳನ್ನೇ ಸವೆಸಿದ್ದೆ. ಮದುವೆ ಯಾವಾಗ ಅಂತ ಕೇಳುವವರಿಗೆ ನೊಣ ಸಿಕ್ಕ ಮೇಲೆ ಅನ್ನುತ್ತಿದ್ದೆ.

ಥೀಸಿಸ್ ಕೊಡುವ ಮೊದಲು ಎರಡು ಲೇಖನ ವಿಜ್ಞಾನದ ಪತ್ರಿಕೆಗಳಲ್ಲಿ ಬಂದಿರಬೇಕು ಅಂತ ವಿಶ್ವವಿದ್ಯಾಲಯದ ನಿಯಮ. ಮೊದಲನೆಯದು ಬಂದಿತ್ತು. ಅದನ್ನು ನನ್ನ ಜೊತೆ ಬರೆದ ಗೈಡ್ ನಿವೃತ್ತರಾಗಿ ಮೈಸೂರಿನ ಮಗಳ ಮನೆ ಸೇರಿದರು, ಹೊಸ ಗೈಡ್ ಬಂದರು. ಅವರ ಜೊತೆ ಬರೆದ ಎರಡನೆಯ ಲೇಖನ ಬೇರೊಂದು ಪತ್ರಿಕೆಗೆ ಹೋಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ನೋಂದಣಿಯ ಅವಧಿ ಮುಗಿಯುತ್ತಿತ್ತು. ಇನ್ನು ವಿಸ್ತರಣೆ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರೊಳಗೆ ಎರಡನೆಯದು ಒಪ್ಪಿಗೆಯಾಗದಿದ್ದರೆ ಅಷ್ಟೂ ವರ್ಷದ ನೊಣ ನೀರಿಗೆ ಹೋದ ಹಾಗೆ.

ಮೊದಲ ಮಳೆ ಬಿದ್ದ ವಾರ ಲೇಖನ ವಾಪಸ್ ಬಂತು. ವಿಷಯ ಚೆನ್ನಾಗಿದೆ, ಆದರೆ ಪರಾಮರ್ಶನ ಪಟ್ಟಿ ನಮ್ಮ ಪತ್ರಿಕೆಯ ಶೈಲಿಯಲ್ಲಿಲ್ಲ, ಸರಿಮಾಡಿ ಕಳಿಸಿ. ಪರಾಮರ್ಶನ ಅಂದರೆ ಮತ್ತೇನಲ್ಲ, ಯಾರು ಹೇಳಿದ್ದನ್ನು ಎಲ್ಲಿಂದ ತೆಗೆದುಕೊಂಡೆ ಅಂತ ಕೊನೆಯಲ್ಲಿ ಹೇಳುವುದು. ಹೇಳುವುದೇನೋ ಸರಿ, ಆದರೆ ಒಂದೊಂದು ಪತ್ರಿಕೆಗೆ ಒಂದೊಂದು ಮಡಿ. ಒಬ್ಬರಿಗೆ ಇಸವಿ ಹೆಸರಿನ ಪಕ್ಕದಲ್ಲೇ ಬೇಕು, ಇನ್ನೊಬ್ಬರಿಗೆ ಕೊನೆಯಲ್ಲಿ. ಒಬ್ಬರು ಇನಿಷಿಯಲ್ಲಿಗೆ ಚುಕ್ಕಿ ಇಡು ಅಂದರೆ ಇನ್ನೊಬ್ಬರು ಇಟ್ಟರೆ ಜೋಕೆ ಅನ್ನುತ್ತಾರೆ. ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ, ಸಂಪುಟ ದಪ್ಪ ಅಕ್ಷರದಲ್ಲಿ, ಪುಟ ತೆಳ್ಳಗೆ. ಪುಸ್ತಕವಾದರೆ ಅದರ ಕಥೆಯೇ ಬೇರೆ. ಪ್ರಕಾಶಕರು ಯಾರು, ಯಾವ ಊರು, ಎಲ್ಲ ಹೇಳಬೇಕು. ನೊಣ ಎಣಿಸಿದ್ದೇ ಸುಲಭವಿತ್ತಪ್ಪಾ ಅನ್ನಿಸಿತು.

ನಸೀಮಾ ನಮ್ಮ ಕಾಲೇಜಿನ ಲೈಬ್ರರಿಯನ್. ನನ್ನ ವಾರಗೆಯವಳು, ಜಗಳಗಂಟಿ, ಪುಸ್ತಕದ ಮೂಲೆ ಮಡಚಿದವರನ್ನು ಪ್ರಿನ್ಸಿಪಾಲರೇ ಆಗಲಿ ಬಿಡುತ್ತಿರಲಿಲ್ಲ. ಪಟ್ಟಿ ನೋಡಿದವಳೇ ತಲೆ ಚಚ್ಚಿಕೊಂಡಳು.

"ಏನೇ ಪುಟ್ಟಿ ಇದು! ಇದು ಪಟ್ಟಿನಾ, ಸಂತೆನಾ? ಒಬ್ಬ ಚುಕ್ಕಿ ಇಟ್ಕೊಂಡು ನಿಂತಿದಾನೆ, ಇನ್ನೊಬ್ಬ ಬರೀ ಮೈಯಲ್ಲಿದಾನೆ. ಭಾನುವಾರ ಮನೆಗೆ ಬಾ."

ಅಲ್ಲಿಂದ ಶುರುವಾಯಿತು. ಭಾನುವಾರ ಮತ್ತು ರಜೆಯ ದಿನವೆಲ್ಲ ನಾನು ನಮ್ಮೂರು ಗುಡೇಮಾರನಹಳ್ಳಿಯಿಂದ ಮಾಗಡಿಗೆ, ಮಾಗಡಿಯಿಂದ ರಾಮನಗರಕ್ಕೆ ಬಸ್ಸು ಬದಲಾಯಿಸಿಕೊಂಡು ನೆಂದು ತೊಪ್ಪೆಯಾಗಿ ಅವಳ ಮನೆ ಸೇರುತ್ತಿದ್ದೆ. ಕೆಳಗೆ ಅವರ ನೂಲು ತೆಗೆಯುವ ಶೆಡ್ಡು, ಮೇಲೆ ಮನೆ. ಆವಿ, ವಾಸನೆ, ಯಂತ್ರದ ಗಿರಗಿರ ಎಲ್ಲವೂ ಮೆಟ್ಟಿಲು ಹತ್ತಿ ನಮ್ಮ ಜೊತೆಯೇ ಕೂರುತ್ತಿದ್ದವು. ಅವಳು ಒಂದೊಂದೇ ಲೇಖನ ತೆಗೆದು ಓದುವಳು, ನಾನು ಟೈಪ್ ಮಾಡುವೆ.

"ನಿಂಗಯ್ಯ, ಕೆಎಂ. ಚುಕ್ಕಿ ಇಲ್ಲ. ಇಲ್ಲ ಅಂದೆನಲ್ಲ! ಕೈ ಯಾಕೆ ಅಲ್ಲೇ ಹೋಗುತ್ತೆ?"

"ಹುಟ್ಟಿದಾಗಿಂದ ಇಟ್ಟಿದೀನಿ ಕಣೇ. ಇನಿಷಿಯಲ್ಲಿಗೆ ಚುಕ್ಕಿ ಇಡದಿದ್ರೆ ನಮ್ಮ ಮೇಷ್ಟ್ರು ಕಿವಿ ಹಿಂಡ್ತಿದ್ರು."

"ಈಗ ಇಟ್ರೆ ನಾನು ಹಿಂಡ್ತೀನಿ."

ಅಮ್ಮಿ ಚಹಾ ತಂದಿಟ್ಟು ಕಂಪ್ಯೂಟರಿನ ಪರದೆಯನ್ನು ಇಣುಕಿ ನೋಡುತ್ತಿದ್ದರು. "ಇನ್ನೂ ಆಗಿಲ್ವೇನಮ್ಮಾ ನಿಮ್ಮ ಚುಕ್ಕಿ ಇಡೋ ಕೆಲಸ? ನೀವೇನು ರಂಗೋಲಿ ಹಾಕ್ತಿದೀರಾ?"

ಹೆಸರುಗಳ ಸಂಗತಿಯಲ್ಲಿ ನಮಗಿಬ್ಬರಿಗೂ ತಲೆ ಕೆಟ್ಟುಹೋಗುತ್ತಿತ್ತು. ಆ ಶೈಲಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರಿನ ಬರೀ ಅಕ್ಷರ ಆಮೇಲೆ. ಆ ಶೈಲಿ ಮಾಡಿದವರ ದೇಶದಲ್ಲಿ ಸರಿಯೇ. ನಮ್ಮ ಕಡೆ ಮನೆತನದ ಹೆಸರು ಯಾರಿಗಿದೆ? ಊರ ಹೆಸರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಮುಗಿಯಿತು. ನಸೀಮಾಳದ್ದೂ ಅದೇ ಪಾಡು. ಅವಳು ನಸೀಮಾ ಬಾನು. ಆ ಲೆಕ್ಕದಲ್ಲಿ ಬಾನು, ಎನ್.

"ಬಾನು ಅಂತೆ!" ಅಂತ ಅಮ್ಮಿ ನಕ್ಕರು. "ನಮ್ಮ ಓಣೀಲಿ ನಿಂತು ಬಾನು ಅಂತ ಕೂಗಿ ನೋಡು. ಅರ್ಧ ಓಣಿಯ ಬಾಗಿಲು ತೆಗೀತವೆ."

ಈ ಕಾರಣಕ್ಕೇ ನನ್ನ ಮೊದಲ ಲೇಖನದಲ್ಲಿ ಒಂದು ಎಡವಟ್ಟಾಗಿತ್ತು. ಅದನ್ನು ಕಳಿಸುವಾಗ ಕಂಪ್ಯೂಟರಿನಲ್ಲಿ ಫ್ಯಾಮಿಲಿ ನೇಮ್ ಅಂತ ಒಂದು ಖಾನೆ. ಬಿಟ್ಟರೆ ಮುಂದೆ ಹೋಗದು. ನನ್ನ ಇನಿಷಿಯಲ್ ಜಿ ಅಂತ ಹಾಕಿದೆ, ಒಂದೇ ಅಕ್ಷರ ಆಗದು ಅಂತ ಕೆಂಪಾಯಿತು. ಮನೆತನ ಅಂದರೆ ಇನ್ನೇನು, ನಮ್ಮನ್ನು ಎಲ್ಲರೂ ಕೇಳುವುದು ಯಾವೂರಾಯ್ತು ಅಂತಲೇ ತಾನೆ? ಊರ ಹೆಸರನ್ನೇ ಪೂರ್ತಿ ಹೊಡೆದೆ. ಅದು ಖುಷಿಯಾಗಿ ಹಸಿರಾಯಿತು. ಅಚ್ಚಾಗಿ ಬಂದಾಗ ನೋಡಿದರೆ ಜಿ.ಎಚ್. ಪುಟ್ಟತಾಯಮ್ಮ ಅನ್ನುವ ನಾನು 'ಗುಡೇಮಾರನಹಳ್ಳಿ ಪಿಎಚ್' ಆಗಿಬಿಟ್ಟಿದ್ದೆ.

ಅಪ್ಪನಿಗೆ ತೋರಿಸಿದಾಗ ಅಪ್ಪ ಹಾಳೆಯನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿದ. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು.

"ಊರೆಸ್ರು ಬಂದೈತೆ. ಸರಿ. ನೀನೆಲ್ಲಿದ್ದೀಯ ಮಗಾ?"

ನಾನು ಕೊನೆಯಲ್ಲಿದ್ದ ಪಿ ಅಕ್ಷರ ತೋರಿಸಿದೆ. ಅದರ ಪಕ್ಕದ ಎಚ್ ನೀನು, ಹನುಮಂತಯ್ಯ ಅಂದೆ.

"ಇಷ್ಟೇನಾ?" ಅಂದ ಅಪ್ಪ. ಅವನ ಮಾತು ನನಗೂ ಚುಚ್ಚಿತು. ಆದರೂ ಅಪ್ಪ ಆ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ ಹಾಲಿನ ಡೈರಿಯ ಗೋಡೆಗೆ ಹಾಕಿಸಿದ. ಹಾಲು ಹಾಕಲು ಬಂದವರೆಲ್ಲ ನಮ್ಮೂರು ನೊಣದ ಮೇಲೆ ಬರೆದೈತಂತೆ ಕಣ್ಲಾ ಅಂತ ಓದಿಕೊಂಡು ಹೋಗುತ್ತಿದ್ದರು.

ಈಗ ಎರಡನೆಯ ಲೇಖನದ ಪಟ್ಟಿಯಲ್ಲಿ ಆ ಮೊದಲನೆಯದನ್ನೂ ಹಾಕಬೇಕಿತ್ತು. ಪುಟ್ಟತಾಯಮ್ಮ ಅಂತ ಸರಿಮಾಡಿ ಹಾಕೋಣವೇ ಅಂದೆ. ನಸೀಮಾ ಕಣ್ಣು ಕೆಕ್ಕರಿಸಿದಳು.

"ಅಚ್ಚಲ್ಲಿ ಹೆಂಗಿದೆಯೋ ಹಂಗೇ ಹಾಕಬೇಕು. ಅದು ನಿನ್ನ ಹೆಸರೇ ಆಗಿರಲಿ, ತಿದ್ದೋ ಹಕ್ಕು ನಿನಗಿಲ್ಲ. ಹುಡುಕೋರಿಗೆ ಸಿಗಬೇಕಲ್ಲ?"

ಅವಳ ಮಾತು ನಿಯಮದ ಪ್ರಕಾರ ನೂರಕ್ಕೆ ನೂರು ಸರಿ. ಇನ್ನೊಂದು ನಿಯಮವೂ ಇತ್ತು. ಪರೀಕ್ಷಿಸುವವರಿಗೆ ಬರೆದವರು ಯಾರು ಅಂತ ತಿಳಿಯಬಾರದು, ಹಾಗಾಗಿ ನಾವು ಹಿಂದೆ ತೋರಿಸಿದಂತೆ ಅಂತ ಬರೆಯುವ ಹಾಗಿಲ್ಲ. ಬೇರೆ ಯಾರೋ ಅನ್ನುವಂತೆ ಬರೆಯಬೇಕು. 'ಗುಡೇಮಾರನಹಳ್ಳಿ ಮತ್ತಿತರರು ತೋರಿಸಿದಂತೆ' ಅಂತ ಬರೆದೆ. ಪರದೆ ಕಟ್ಟುವ ವಿಧಾನ ಎರಡೂ ಲೇಖನಕ್ಕೆ ಒಂದೇ, ಮಾತು ಬದಲಾಯಿಸುವುದೇಕೆ ಅಂತ ಆ ಪ್ಯಾರಾವನ್ನು ಇದ್ದ ಹಾಗೇ ಇಟ್ಟೆ. ಕೊನೆಯ ಚುಕ್ಕಿಯನ್ನೂ ನೋಡಿ ಲೇಖನವನ್ನು ಕಳಿಸಿದ ದಿನ ಅಮ್ಮಿ ಕೈಯಾರೆ ಬಿರಿಯಾನಿ ಮಾಡಿ ಬಡಿಸಿದರು. ನಸೀಮಾ ಪಟ್ಟಿಯನ್ನು ಮತ್ತೊಮ್ಮೆ ಓದಿ, ಇದನ್ನ ಫ್ರೇಮ್ ಹಾಕಿಸಬಹುದು ಕಣೇ ಅಂದಳು.

ಆಮೇಲೆ ಮಳೆ ಜೋರಾಯಿತು. ಊಜಿ ನೊಣಕ್ಕೆ ಅದೇ ಹಬ್ಬದ ಕಾಲ. ನಾನು ದೊಡ್ಡಆಲಹಳ್ಳಿಯ ಒಂದು ಹುಳು ಮನೆಯಲ್ಲಿ ಪರದೆ ಬಿಗಿಯುತ್ತಿದ್ದಾಗ ಹೊಸ ಗೈಡ್ ಫೋನ್ ಮಾಡಿದರು. ಒಳ್ಳೆಯವರೇ, ಆದರೆ ಕೋಪ ಮೂಗಿನ ತುದಿಯಲ್ಲಿ.

"ಯಾರ್ರೀ ಈ ಗುಡೇಮಾರನಹಳ್ಳಿ?"

"ಸಾರ್?"

"ಪತ್ರಿಕೆಯವರು ಬರೆದಿದಾರೆ. ನೀವು ಅವರ ಲೇಖನದಿಂದ ಇಡೀ ಪ್ಯಾರಾ ಎತ್ತಿದೀರಂತೆ. ಕೃತಿಚೌರ್ಯ ಅಂತ ವಿಶ್ವವಿದ್ಯಾಲಯಕ್ಕೂ ಪ್ರತಿ ಹೋಗಿದೆ. ನನ್ನ ಹೆಸರೂ ಜೊತೇಲಿದೆಯಲ್ರೀ, ನನ್ನ ಮಾನ ಕಳೆದ್ರಿ!"

"ಸಾರ್, ಅದು ಯಾರೂ ಅಲ್ಲ. ಅದು ನಮ್ಮೂರು."

"ಊರು ಹೆಂಗ್ರೀ ಲೇಖನ ಬರೆಯುತ್ತೆ?"

"ನಾನೇ ಬರೆದಿದ್ದು ಸಾರ್."

"ನಿಮ್ಮ ಹೆಸರು ಪುಟ್ಟತಾಯಮ್ಮ ಅಲ್ವೇನ್ರೀ?"

"ಹೌದು ಸಾರ್. ಆದ್ರೆ ಅಲ್ಲಿ ಗುಡೇಮಾರನಹಳ್ಳಿ."

ಹಳೆಯ ಗೈಡ್ ಹೆಸರು ಆ ಲೇಖನದಲ್ಲಿ, ಹೊಸ ಗೈಡ್ ಹೆಸರು ಈ ಲೇಖನದಲ್ಲಿ. ಎರಡರಲ್ಲೂ ಇದ್ದವಳು ನಾನೊಬ್ಬಳೇ, ನನಗೋ ಎರಡು ಹೆಸರು. ಹೊರಗಿನಿಂದ ನೋಡಿದವರಿಗೆ ನಾನು ಕಳ್ಳಿಯೇ. "ಇದನ್ನ ತೀರ್ಮಾನ ಮಾಡಿಕೊಳ್ಳದೆ ವಿಶ್ವವಿದ್ಯಾಲಯದವರು ಥೀಸಿಸ್ ಮುಟ್ಟಲ್ಲ ಅಂತಾರೆ. ಅವಧಿ ಎಷ್ಟಿದೆ ಗೊತ್ತಲ್ಲ?" ಅಂದು ಗೈಡ್ ಫೋನ್ ಇಟ್ಟರು.

ಕನಕಪುರದ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟುಕೊಂಡು ಅತ್ತೆ. ಥೀಸಿಸ್ ಹೋದರೆ ಹೋಗಲಿ, ಕದ್ದವಳು ಅನ್ನಿಸಿಕೊಂಡು ಕ್ಲಾಸಿಗೆ ಹೇಗೆ ಹೋಗಲಿ? ಹುಡುಗರು ನಕಲು ಮಾಡಿದರೆ ಪೇಪರು ಕಿತ್ತುಕೊಳ್ಳುವವಳು ನಾನು. ಮುಂದಿನ ವರ್ಷ ಯಾರು ಕರೆಯುತ್ತಾರೆ? ಕದಿಯುವುದಾದರೆ ಬೇರೆಯವರದಾದರೂ ಕದಿಯಬಾರದಿತ್ತೇ, ನನ್ನದನ್ನೇ ಕದ್ದು ಸಿಕ್ಕಿಬಿದ್ದೆನಲ್ಲಾ ಅಂತ ಅಳುವಿನ ಮಧ್ಯೆಯೇ ನಗುವೂ ಬಂತು. ಪಕ್ಕದ ಹೆಂಗಸು ಸರಿದು ಕೂತರು.

ನಸೀಮಾ ಸುದ್ದಿ ಕೇಳಿ ಬೆಪ್ಪಾದಳು. ಪಟ್ಟಿ ತೆಗೆದು ಮತ್ತೆ ಮೇಲಿನಿಂದ ಕೆಳಗೆ ಓದಿದಳು. "ಶೈಲಿ ಪ್ರಕಾರ ಎಲ್ಲಾ ಸರಿ ಇತ್ತಲ್ಲೇ," ಅಂದಳು ಕೊನೆಗೆ. ಇಬ್ಬರೂ ಸೇರಿ ಪತ್ರಿಕೆಗೆ ವಿವರವಾಗಿ ಬರೆದೆವು. ಉತ್ತರ ಬಂತು. ಎರಡೂ ಹೆಸರು ಒಬ್ಬರದೇ ಅನ್ನುವುದಕ್ಕೆ ಅಧಿಕೃತ ದಾಖಲೆ ಕಳಿಸಿ.

ದಾಖಲೆ ಎಲ್ಲಿಂದ ತರುವುದು? ಮಾರ್ಕ್ಸ್ ಕಾರ್ಡಿನಲ್ಲಿ ಜಿ.ಎಚ್. ಅಷ್ಟೇ. ಜಿ ಅಂದರೆ ಗುಡೇಮಾರನಹಳ್ಳಿ ಅಂತ ನನ್ನ ಯಾವ ಕಾಗದದಲ್ಲೂ ಬಿಡಿಸಿ ಬರೆದಿರಲಿಲ್ಲ. ನಮ್ಮವರಿಗೆಲ್ಲ ಗೊತ್ತಿರುವುದನ್ನು ಯಾರು ಬರೆಯುತ್ತಾರೆ? ಮಾಗಡಿಯಲ್ಲಿ ನೋಟರಿ ಹತ್ತಿರ ಅಫಿಡವಿಟ್ ಮಾಡಿಸು ಅಂತ ನಸೀಮಾ ಸೂಚಿಸಿದಳು. ಸಾಕ್ಷಿಗೆ ಅಪ್ಪ ಬೇಕಾಯಿತು. ವಿಷಯ ಹೇಳಬೇಕಾಯಿತು.

ಅಪ್ಪ ಎದ್ದು ನಿಂತುಬಿಟ್ಟ. "ಕದ್ಬುಟ್ಳಂತಾ ನನ್ ಮಗ್ಳು? ಯಾರ್ದ್ನ? ನಮ್ಮೂರ್ದ್ನಾ? ನಮ್ಮೂರೋರು ಯಾರಾನಾ ಕಂಪ್ಲೇಂಟ್ ಕೊಟ್ಟವ್ರಾ? ನಾವೇ ಸುಮ್ಕಿರೋವಾಗ ಅವ್ರಿಗೇನಂತೆ?"

"ಅದಲ್ಲಪ್ಪಾ..."

"ನಡಿ ಮಾಗ್ಡಿಗೆ. ಡೈರಿಯಿಂದ ಬೇಕಾರೆ ಎಲ್ರುನೂ ಕರ್ಕಬತ್ತೀನಿ. ಊರೇ ಬಂದು ಹೇಳ್ಲಿ."

ಊರನ್ನೆಲ್ಲ ಕರೆತರುವುದನ್ನು ತಪ್ಪಿಸುವುದೇ ದೊಡ್ಡ ಕೆಲಸವಾಯಿತು. ಜಿಟಿಜಿಟಿ ಮಳೆಯಲ್ಲಿ ಇಬ್ಬರೂ ಒಂದೇ ಛತ್ರಿಯಲ್ಲಿ ಕೋರ್ಟಿನ ಮುಂದೆ ಇಳಿದೆವು. ನೋಟರಿ ತಗಡಿನ ಶೀಟಿನ ಕೆಳಗೆ ಕೂತಿದ್ದರು.

"ಹೆಸರು ಬದಲಾವಣೆನಾ?"

"ಅಲ್ಲ ಸಾರ್. ನಾನೂ ಇವರೂ ಒಬ್ಬರೇ ಅಂತ ಆಗಬೇಕು," ಅಂತ ಲೇಖನ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಓದಿದರು. "ಗುಡೇಮಾರನಹಳ್ಳಿ... ಇದು ಊರಲ್ವೇನಮ್ಮಾ? ನಾನೂ ಊರೂ ಒಂದೇ ಅಂತ ಪ್ರಮಾಣ ಮಾಡ್ತೀರಾ?"

ನಾನು ಬಾಯಿ ಬಿಡುವುದರೊಳಗೆ ಅಪ್ಪ ನುಗ್ಗಿದ. "ಊಂ ಸ್ವಾಮಿ, ಅದ್ರಲ್ಲಿ ತಪ್ಪೇನೈತೆ? ಗುಡೇಮಾರನಳ್ಳಿ ಅನ್ಮಂತಯ್ಯನ ಮಗ್ಳು ಪುಟ್ತಾಯಿ ಅಂದ್ರೆ ಇವ್ಳೇಯ. ಇನ್ನೊಬ್ಳು ಇದ್ರೆ ಕರ್ಕಬನ್ನಿ, ನೋಡವಾ."

ನೋಟರಿ ನಕ್ಕು, ಇಷ್ಟು ಗಟ್ಟಿ ಸಾಕ್ಷಿ ಇನ್ನೆಲ್ಲಿ ಸಿಗುತ್ತೆ ಬಿಡಿ ಅಂದು ಟೈಪ್ ಮಾಡಿಸಿದರು. ಜಿ ಎಂದರೆ ಗುಡೇಮಾರನಹಳ್ಳಿ, ಎಚ್ ಎಂದರೆ ಹನುಮಂತಯ್ಯ, ಮೂರೂ ಸೇರಿದವಳು ನಾನೇ ಎಂದು ಮೊದಲ ಸಲ ಒಂದು ಕಾಗದದಲ್ಲಿ ಪೂರ್ತಿ ಬಂತು. ಅಪ್ಪ ತನ್ನ ಸಹಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಹಾಕಿದ.

ಕಳಿಸಿ ಕಾಯುತ್ತಾ ಕೂತೆ. ಮಳೆ ಹಿಂದೆ ಸರಿಯಿತು, ರಾಗಿ ತೆನೆ ಹಿಡಿಯಿತು, ನನಗೆ ಅನ್ನ ಸೇರುತ್ತಿರಲಿಲ್ಲ. ಅವಧಿ ಮುಗಿಯಲು ಇನ್ನು ಒಸಿ ದಿನ ಇದೆ ಅನ್ನುವಾಗ ಸ್ಟಾಫ್ ರೂಮಿನಲ್ಲಿದ್ದ ನನ್ನ ಬಳಿಗೆ ನಸೀಮಾ ಲೈಬ್ರರಿಯಿಂದ ಓಡಿ ಬಂದಳು. ಲೈಬ್ರರಿಯಲ್ಲಿ ಓಡಬಾರದು ಅಂತ ಬೋರ್ಡು ಹಾಕಿಸಿದವಳೇ ಅವಳು. ನನ್ನ ಮೇಲ್ ಅವಳ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತಿತ್ತು. ಪತ್ರಿಕೆಯ ಉತ್ತರ ಬಂದಿತ್ತು. ನಿಮ್ಮ ವಿವರಣೆ ಒಪ್ಪಿದ್ದೇವೆ, ಲೇಖನವನ್ನೂ ಒಪ್ಪಿದ್ದೇವೆ, ವಿಶ್ವವಿದ್ಯಾಲಯಕ್ಕೂ ತಿಳಿಸಿದ್ದೇವೆ. ಇನ್ನು ಮುಂದೆ ನಿಮ್ಮನ್ನು ಉಲ್ಲೇಖಿಸುವವರು ಯಾವ ಹೆಸರಿನಲ್ಲಿ ಉಲ್ಲೇಖಿಸಬೇಕು, ಒಂದನ್ನು ಖಚಿತಪಡಿಸಿ. ಮೊದಲ ಲೇಖನದ ಪತ್ರಿಕೆಗೂ ಅದೇ ತಿದ್ದುಪಡಿ ಬರೆಯುವುದು ಒಳ್ಳೆಯದು.

ನಾನು ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತೆ. ನಸೀಮಾ ಬೆನ್ನಿಗೊಂದು ಗುದ್ದಿದಳು. "ಅಳೋದು ಆಮೇಲೆ. ಮೊದಲು ಹೇಳು, ನಿನ್ನ ಹೆಸರೇನು?"

'ಪುಟ್ಟತಾಯಮ್ಮ ಜಿಎಚ್' ಅಂತ ಬರೆದೆ. ಚುಕ್ಕಿ ಇಡಲಿಲ್ಲ.

ಥೀಸಿಸ್ ಅವಧಿಯೊಳಗೆ ಕೊಟ್ಟೆ. ಗೈಡ್ ಸಾಹೇಬರು, ನಿಮ್ಮೂರಿಗೆ ನನ್ನ ನಮಸ್ಕಾರ ತಿಳಿಸ್ರೀ ಅಂತ ಛೇಡಿಸಿದರು. ಎಲ್ಲ ಸುಖಾಂತವೇ, ಆದರೆ ಮನಸ್ಸಿನಲ್ಲೊಂದು ಮುಳ್ಳು. ಮೊದಲ ಲೇಖನವನ್ನೂ ತಿದ್ದಿದ್ದರು. ಅಂದರೆ ಗುಡೇಮಾರನಹಳ್ಳಿ ಎರಡರಿಂದಲೂ ಹೋಯಿತು. ಡೈರಿ ಗೋಡೆಯ ಮೇಲಿನ ಹಾಳೆ ಈಗ ಸುಳ್ಳು. ನನಗೋಸ್ಕರ ಮಳೆಯಲ್ಲಿ ನೆಂದುಕೊಂಡು ಬಂದು ಊರೂ ಇವಳೂ ಒಂದೇ ಅಂದ ಅಪ್ಪನಿಗೆ, ಊರನ್ನ ತೆಗೆದುಹಾಕಿದೆ ಅಂತ ಯಾವ ಬಾಯಲ್ಲಿ ಹೇಳಲಿ?

ಹೊಸ ಲೇಖನದ ಪ್ರತಿ ಹಿಡಿದು ಹೋದಾಗ ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡ. ದೂರ ಹಿಡಿದ, ಹತ್ತಿರ ಹಿಡಿದ. ತುಟಿ ಅಲುಗಾಡಿಸುತ್ತಾ ಉದ್ದನೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಡಿಸಿದ. ಪುಟ್ಟತಾಯಮ್ಮ ಅನ್ನುವುದು ಅವನ ಅವ್ವನ ಹೆಸರು, ಅದನ್ನೇ ನನಗೆ ಇಟ್ಟಿದ್ದರು.

"ಊರೆಲ್ಲಿ?" ಅಂದ.

ನಾನು ಜಿ ಅಕ್ಷರ ತೋರಿಸಿದೆ. "ಅಪ್ಪಾ, ಅವರ ಪದ್ಧತೀಲಿ ಊರು ಪೂರ್ತಿ ಬರೋ ಹಂಗಿಲ್ಲ. ನಾನು..."

"ನಾನೆಲ್ಲಿದ್ದೀನಿ?"

"ಇಲ್ಲಿ. ಇದೇ ಕೊನೇದು."

ಆ ಎಚ್ ಮೇಲೆ ಬೆರಳಿಟ್ಟುಕೊಂಡು ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಟ್ಟು ಹಗ್ಗ ಎತ್ತಿಕೊಂಡ.

"ಸರಿಯಾಗೈತೆ ಬುಡು. ಇಸ್ಕೂಲಿಗೆ ಸೇರಿಸ್ದಾಗ್ಲಿಂದ ಊರು ಮುಂದೆ, ನಾನು ನಡುವೆ, ನೀನು ಹಿಂದೆ ಬತ್ತಿದ್ದೆ. ಇನ್ ನೀನು ಮುಂದೆ ನಡಿ ಮಗಾ. ಊರೂ ನಾನೂ ನಿನ್ ಹಿಂದೆ ಇರ್ತೀವಿ."